ಕಾಲೇಜು ಹತ್ತಿರ ಬಂತು, ಪುಸ್ತಕ ಮಾತ್ರ ದೂರವೇ?

ಜುಮಾ ಮುಗಿಸಿ ಮಸೀದಿಯಿಂದ ಹೊರಬರುವಾಗ ತಂದೆಯಂದಿರು ಆಡುವ ಮಾತು ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ: "ಕಾಲೇಜು ಫೀಸು ಹೇಗೋ ಕಟ್ಟಿದೆವು, ಈಗ ಪುಸ್ತಕಕ್ಕೆ ದುಡ್ಡು ಎಲ್ಲಿಂದ ತರೋಣ?" ಗುಂಡ್ಲುಪೇಟೆಯಲ್ಲೂ ಚಾಮರಾಜನಗರದಲ್ಲೂ ಸರಕಾರಿ ಪದವಿ ಕಾಲೇಜುಗಳಿವೆ. 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯವೂ ಆರಂಭವಾಯಿತು. ಆದರೂ ಊರಿನ ಅಂಗಡಿಯಲ್ಲಿ ಸಿಗದ ಪುಸ್ತಕಕ್ಕೆ ಮಕ್ಕಳು ಮೈಸೂರಿನ ಬಸ್ಸು ಹತ್ತಬೇಕು. ಇಂಥ ಎಷ್ಟೋ ಪುಸ್ತಕಗಳು ಇ-ಪುಸ್ತಕಗಳಾಗಿ ಖರ್ಚಿಲ್ಲದೆ ಸಿಗುತ್ತವೆ ಎಂಬುದು ಅನೇಕ ಮನೆಗಳಿಗೆ ತಿಳಿದಿಲ್ಲ.

ಎಲ್ಲಿ ಸಿಗುತ್ತವೆ?

ಮೊದಲನೆಯದು ಎನ್-ಲಿಸ್ಟ್. ಇದರಲ್ಲಿ ಲಕ್ಷಕ್ಕೂ ಹೆಚ್ಚು ಇ-ಪುಸ್ತಕಗಳಿವೆ. ಕಾಲೇಜು ಇದರ ಸದಸ್ಯತ್ವ ಪಡೆದಿದ್ದರೆ ಗ್ರಂಥಪಾಲಕರು ವಿದ್ಯಾರ್ಥಿಗೆ ಪಾಸ್‌ವರ್ಡ್ ಕೊಡಿಸುತ್ತಾರೆ. ಆಮೇಲೆ ಮನೆಯಲ್ಲೇ ಕುಳಿತು ಓದಬಹುದು. ಎರಡನೆಯದು ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ. ಇದಕ್ಕೆ ಯಾರು ಬೇಕಾದರೂ ಹೆಸರು ನೋಂದಾಯಿಸಬಹುದು. ಎಂ.ಎ., ಎಂ.ಎಸ್ಸಿ. ಓದುವವರಿಗೆ ಇ-ಪಿಜಿ ಪಾಠಶಾಲಾ ಇದೆ. 2017ರಲ್ಲಿ ಶುರುವಾದ ಸ್ವಯಂ ತಾಣದಲ್ಲಿ ಪಾಠ ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವುದಾದರೆ ಮಾತ್ರ ಶುಲ್ಕ.

ತೊಡಕುಗಳೂ ಇವೆ

ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದ ಮಕ್ಕಳು ಮೊದಲ ಪುಟದಲ್ಲೇ ಕೈಚೆಲ್ಲುತ್ತಾರೆ. ಭಾರತೀಯ ಭಾಷೆಗಳಲ್ಲಿ ಐದು ವರ್ಷದೊಳಗೆ 22,000 ಪುಸ್ತಕಗಳನ್ನು ಸಿದ್ಧಪಡಿಸುವ ಯೋಜನೆಯನ್ನು ಯುಜಿಸಿ 2024ರಲ್ಲಿ ಪ್ರಕಟಿಸಿದೆ. ಅಲ್ಲಿಯವರೆಗೆ ಅಧ್ಯಾಪಕರ ಕನ್ನಡ ಟಿಪ್ಪಣಿಯನ್ನು ಪಕ್ಕದಲ್ಲಿಟ್ಟುಕೊಂಡು ಓದುವುದೇ ದಾರಿ.

ಇನ್ನು, ಪರದೆಯ ಓದು ಕಾಗದದ ಓದಿಗೆ ಪೂರ್ತಿ ಸಮವಲ್ಲ. 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಸಂಶೋಧನೆಯೊಂದರಲ್ಲಿ, ಕಾಗದದಲ್ಲಿ ಓದಿದವರ ಗ್ರಹಿಕೆ ತುಸು ಮೇಲಿತ್ತು. ಸಮಯದ ಒತ್ತಡ ಇದ್ದಾಗ ಈ ಅಂತರ ಹೆಚ್ಚು. ಆದ್ದರಿಂದ ಇ-ಪುಸ್ತಕದಿಂದ ಓದುವಾಗ ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದುಕೊಳ್ಳಬೇಕು. ಪರೀಕ್ಷೆಗೆ ಮುಖ್ಯವಾದ ಅಧ್ಯಾಯವನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡರೆ ಇನ್ನೂ ಒಳ್ಳೆಯದು.

ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಕದ್ದ ಪಿಡಿಎಫ್‌ಗಳ ವಿಷಯದಲ್ಲಿ ಎಚ್ಚರ ಇರಲಿ. ಬರೆದವರ ದುಡಿಮೆಯೂ ಇನ್ನೊಬ್ಬರ ಹಕ್ಕೇ. ಹಲಾಲಾದ ದಾರಿ ಉಚಿತವಾಗಿ ತೆರೆದಿರುವಾಗ ಅದನ್ನು ಬಿಡುವುದೇಕೆ?

ಫೋನ್ ಯಾರ ಕೈಯಲ್ಲಿದೆ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಅನೇಕ ಮನೆಗಳಲ್ಲಿ ಫೋನ್ ಒಂದೇ, ಅದು ಮಗನ ಕೈಯಲ್ಲಿರುತ್ತದೆ. ಮಗಳು ಕೇಳಿದರೆ "ನಿನಗೇಕೆ ಫೋನ್?" ಎನ್ನುತ್ತೇವೆ. ಈಗ ಆ ಫೋನಿನೊಳಗೆ ಅವಳ ಪಠ್ಯಪುಸ್ತಕವಿದೆ. ಅದನ್ನು ತಡೆದರೆ ಪುಸ್ತಕವನ್ನೇ ಕಿತ್ತುಕೊಂಡಂತೆ. ಭಯವಿದ್ದರೆ ತಾಯಿ ಪಕ್ಕದಲ್ಲಿ ಕೂರಲಿ. ಮಗ್ರಿಬ್ ನಂತರ ಎರಡು ಗಂಟೆ ಫೋನ್ ಮಗಳದ್ದು ಎಂದು ಮನೆಯಲ್ಲಿ ನಿಯಮ ಮಾಡೋಣ. ಕಾಡಂಚಿನ ಹಳ್ಳಿಗಳಲ್ಲಿ ಸಿಗ್ನಲ್ ಸಿಗದಿದ್ದರೆ, ಡೌನ್‌ಲೋಡಿಗೆ ಅವಕಾಶವಿರುವ ಅಧ್ಯಾಯಗಳನ್ನು ಕಾಲೇಜಿನಲ್ಲೇ ಇಳಿಸಿಕೊಂಡು ಬರಲಿ.

ಜಮಾಅತ್‌ಗಳೂ ಮನಸ್ಸು ಮಾಡಬೇಕು. ಮದ್ರಸಾದ ಒಂದು ಕೋಣೆ, ಒಂದು ವೈಫೈ, ಎರಡು ಟ್ಯಾಬ್ ಇದ್ದರೆ ಮಹಲ್ಲಾದ ಕಾಲೇಜು ಮಕ್ಕಳಿಗೆ ಸಂಜೆಯ ಓದುಮನೆ ಸಿದ್ಧ. ಹೆಣ್ಣುಮಕ್ಕಳಿಗೆ ಬೇರೆ ಸಮಯ ಗೊತ್ತುಮಾಡಬಹುದು. ಮುಂದಿನ ಜುಮಾಕ್ಕೆ ಮುನ್ನ ಪ್ರತಿ ಮನೆಯಲ್ಲೂ ಮಕ್ಕಳನ್ನು ಒಂದು ಮಾತು ಕೇಳೋಣ: "ನಿಮ್ಮ ಕಾಲೇಜಿನ ಗ್ರಂಥಪಾಲಕರಿಂದ ಪಾಸ್‌ವರ್ಡ್ ತಂದಿರಾ?"