ಮಸಾಲೆ ದೋಸೆಯೋ, ಇಡ್ಲಿಯೋ? ಆಯ್ಕೆಗೂ ಮುನ್ನ ಮೆದುಳು ಹಾಕುವ ಲೆಕ್ಕ ಏನು?

ಹೋಟೆಲ್‌ನಲ್ಲಿ ಮೆನು ಕಾರ್ಡ್ ಕೈಗೆ ಬಂದಾಗ ಮಸಾಲೆ ದೋಸೆ ಹೇಳಬೇಕೋ, ಇಡ್ಲಿ-ವಡೆ ಹೇಳಬೇಕೋ ಎಂಬ ಗೊಂದಲ ಎಲ್ಲರಿಗೂ ಆಗುತ್ತದೆ. ಎರಡರ ರುಚಿ ಬೇರೆ, ಪ್ರಮಾಣ ಬೇರೆ, ದರವೂ ಬೇರೆ. ಆದರೂ ಕೆಲವೇ ಸೆಕೆಂಡ್‌ಗಳಲ್ಲಿ ಆರ್ಡರ್ ಕೊಟ್ಟಾಗಿರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳನ್ನು ಮೆದುಳು ಹೇಗೆ ತೂಗಿ ನೋಡುತ್ತದೆ? ಇಲ್ಲಿದೆ ಮಾಹಿತಿ.

ಕಣ್ಣಿನ ಮೇಲ್ಭಾಗದಲ್ಲಿದೆ ತಕ್ಕಡಿ

ಹಣೆಯ ಹಿಂದೆ, ಕಣ್ಣುಗುಡ್ಡೆಗಳ ಮೇಲ್ಭಾಗದಲ್ಲಿರುವ ಮೆದುಳಿನ ಪ್ರದೇಶಕ್ಕೆ ಆರ್ಬಿಟೋಫ್ರಂಟಲ್ ಕಾರ್ಟೆಕ್ಸ್ ಎಂದು ಹೆಸರು. ಹಾರ್ವರ್ಡ್ ಮೆಡಿಕಲ್ ಸ್ಕೂಲ್‌ನ ಕಮಿಲೊ ಪಡೋವಾ-ಸ್ಕಿಯೊಪ್ಪ ಮತ್ತು ಜಾನ್ ಅಸ್ಸಾದ್ 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಭಾಗದ ಬಗ್ಗೆ ಮಹತ್ವದ ಅಧ್ಯಯನ ಪ್ರಕಟಿಸಿದರು.

ಅವರು ಕೋತಿಗಳ ಮುಂದೆ ಎರಡು ಬಗೆಯ ಜ್ಯೂಸ್ ಇಟ್ಟರು. ಸಮ ಪ್ರಮಾಣದಲ್ಲಿದ್ದರೆ ಕೋತಿ ತನಗಿಷ್ಟವಾದದ್ದನ್ನೇ ಆರಿಸುತ್ತದೆ. ಇನ್ನೊಂದರ ಪ್ರಮಾಣ ಹೆಚ್ಚಿಸುತ್ತಾ ಹೋದರೆ ಒಂದು ಹಂತದಲ್ಲಿ ಮನಸ್ಸು ಬದಲಿಸುತ್ತದೆ. ಉದಾಹರಣೆಗೆ, ಮೊದಲ ಜ್ಯೂಸ್‌ನ 1 ಹನಿ, ಎರಡನೆಯದರ 3 ಹನಿಗೆ ಸಮ ಎಂದಾದರೆ ಆ ಕೋತಿಯ ಲೆಕ್ಕದಲ್ಲಿ ಮೊದಲನೆಯದಕ್ಕೆ ಮೂರು ಪಟ್ಟು ಬೆಲೆ.

ಇದೇ ಹೊತ್ತಿನಲ್ಲಿ ನರಕೋಶಗಳ ಚಟುವಟಿಕೆಯನ್ನೂ ದಾಖಲಿಸಲಾಯಿತು. ಕೆಲವು ಕೋಶಗಳು ಮುಂದಿಟ್ಟ ಜ್ಯೂಸ್‌ನ ಮೌಲ್ಯಕ್ಕೆ, ಕೆಲವು ಆರಿಸಿಕೊಂಡದ್ದರ ಮೌಲ್ಯಕ್ಕೆ, ಇನ್ನು ಕೆಲವು ಯಾವ ಜ್ಯೂಸ್ ಎಂಬುದಕ್ಕೆ ಸ್ಪಂದಿಸಿದವು. ಜ್ಯೂಸ್ ಎಡಕ್ಕಿದೆಯೋ, ಬಲಕ್ಕಿದೆಯೋ ಎಂಬುದು ಅವುಗಳಿಗೆ ಮುಖ್ಯವಾಗಿರಲಿಲ್ಲ. ಬೇರೆ ಬೇರೆ ವಸ್ತುಗಳನ್ನು ಮೆದುಳು ಒಂದೇ ಅಳತೆಗೆ ತರುತ್ತದೆ ಎಂಬುದಕ್ಕೆ ಇದು ಪುರಾವೆಯಾಯಿತು. 2020ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಇದೇ ಭಾಗಕ್ಕೆ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿದಾಗ ಕೋತಿಗಳ ಆಯ್ಕೆಯೇ ಬದಲಾಯಿತು.

ಪಕ್ಕದಲ್ಲಿ ಏನಿದೆ ಎಂಬುದೂ ಮುಖ್ಯ

ಈ ಬೆಲೆ ಸ್ಥಿರವಲ್ಲ. 1999ರಲ್ಲಿ ಲಿಯಾನ್ ಟ್ರೆಂಬ್ಲೆ ಮತ್ತು ವೊಲ್‌ಫ್ರಾಮ್ ಶುಲ್ಟ್ಜ್ ನಡೆಸಿದ ಪ್ರಯೋಗದಲ್ಲಿ, ಸೀರಿಯಲ್ ಜತೆ ಸೇಬು ಇದ್ದಾಗ ಸೇಬಿಗೆ ಸ್ಪಂದಿಸಿದ ಕೋಶಗಳು, ಹೆಚ್ಚು ಇಷ್ಟದ ಒಣದ್ರಾಕ್ಷಿ ಬಂದ ಕೂಡಲೇ ಅದರತ್ತ ವಾಲಿದವು. ಸೇಬು ಅದೇ, ಸ್ಥಾನ ಮಾತ್ರ ಕುಸಿಯಿತು.

ಮನುಷ್ಯರೂ ಇದಕ್ಕೆ ಹೊರತಲ್ಲ. 2008ರ ಅಧ್ಯಯನವೊಂದರಲ್ಲಿ ಒಂದೇ ವೈನ್‌ಗೆ ಒಮ್ಮೆ 10 ಡಾಲರ್, ಮತ್ತೊಮ್ಮೆ 90 ಡಾಲರ್ ಎಂದು ಹೇಳಿ ಕೊಡಲಾಯಿತು. ದುಬಾರಿ ಎಂದು ಹೇಳಿದಾಗ ಹೆಚ್ಚು ರುಚಿ ಎನಿಸಿದ್ದಷ್ಟೇ ಅಲ್ಲ, ಆರ್ಬಿಟೋಫ್ರಂಟಲ್ ಭಾಗದ ಚಟುವಟಿಕೆಯೂ ಏರಿತು. ಆನ್‌ಲೈನ್ ಶಾಪಿಂಗ್‌ನಲ್ಲಿ ಹಳೆ ದರಕ್ಕೆ ಗೆರೆ ಎಳೆದು ಪಕ್ಕದಲ್ಲೇ ಹೊಸ ದರ ತೋರಿಸುವುದು ಸುಮ್ಮನೆ ಅಲ್ಲ. ಹೋಲಿಕೆಗೆ ಒಂದು ಸಂಖ್ಯೆ ಸಿಕ್ಕರೆ ಅದೇ ವಸ್ತು ಲಾಭದಂತೆ ಕಾಣುತ್ತದೆ.

ತಕ್ಕಡಿ ಕೆಟ್ಟರೆ?

ಹಣೆಯ ಹಿಂದಿನ ಈ ಭಾಗಕ್ಕೆ ಪೆಟ್ಟಾದರೆ ಬುದ್ಧಿಶಕ್ತಿ ಚೆನ್ನಾಗಿದ್ದರೂ ನಿರ್ಧಾರ ಕೈಕೊಡಬಹುದು. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 1994ರ ತಮ್ಮ ಪುಸ್ತಕದಲ್ಲಿ ಅಂಥ ರೋಗಿಯೊಬ್ಬರ ಪ್ರಸಂಗ ಬರೆದಿದ್ದಾರೆ. ಮುಂದಿನ ಭೇಟಿಗೆ ಎರಡು ದಿನಾಂಕ ಸೂಚಿಸಿದಾಗ ಆ ವ್ಯಕ್ತಿ ಸುಮಾರು ಅರ್ಧ ಗಂಟೆ ಸಾಧಕ-ಬಾಧಕ ಎಣಿಸುತ್ತಲೇ ಇದ್ದರು. ಕೊನೆಗೆ ವೈದ್ಯರೇ ಎರಡನೇ ದಿನ ಬನ್ನಿ ಎಂದಾಗ ತಕ್ಷಣ ಒಪ್ಪಿಕೊಂಡರು. ಕಾರಣಗಳು ಎಷ್ಟಿದ್ದರೂ, ಯಾವುದಕ್ಕೆ ಎಷ್ಟು ತೂಕ ಎಂದು ಹೇಳುವ ವ್ಯವಸ್ಥೆಯೇ ಅಲ್ಲಿ ಕೆಲಸ ಮಾಡುತ್ತಿರಲಿಲ್ಲ.

ತಲೆಗೆ ಬಿದ್ದ ಪೆಟ್ಟು, ಗೆಡ್ಡೆ ಹಾಗೂ ಫ್ರಂಟೋಟೆಂಪೊರಲ್ ಡಿಮೆನ್ಷಿಯಾದಂಥ ಕಾಯಿಲೆಗಳಲ್ಲಿ ಈ ಭಾಗಕ್ಕೆ ಹಾನಿಯಾಗಬಹುದು. ಲೆಕ್ಕಾಚಾರದಲ್ಲಿ ಪಕ್ಕಾ ಇದ್ದವರು ಇದ್ದಕ್ಕಿದ್ದಂತೆ ಬೇಕಾಬಿಟ್ಟಿ ಖರ್ಚು ಮಾಡತೊಡಗಿದರೆ ಅಥವಾ ಸಣ್ಣ ವಿಷಯಕ್ಕೂ ತೀರ್ಮಾನಕ್ಕೆ ಬರಲಾಗದೆ ಒದ್ದಾಡಿದರೆ, ಮನೆಯವರು ಅದನ್ನು ಬೇಜವಾಬ್ದಾರಿ ಎಂದು ಬೈದು ಸುಮ್ಮನಾಗುವುದುಂಟು. ಸ್ವಭಾವದಲ್ಲಿ ಹೀಗೆ ಸ್ಪಷ್ಟ ಬದಲಾವಣೆ ಕಂಡುಬಂದರೆ ಜಗಳ ಮಾಡುವ ಮುನ್ನ ನರರೋಗ ತಜ್ಞರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.