ನೆಲೆಯೂರುವ ಊರಿನ ಆಯ್ಕೆ: ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ

ನಮ್ಮ ವಿದ್ಯಾಸಂಸ್ಥೆಯಲ್ಲಿ ಓದಿ, ಉದ್ಯೋಗನಿಮಿತ್ತವಾಗಿ ಬೆಂಗಳೂರು, ಮುಂಬಯಿ ಮೊದಲಾದ ಮಹಾನಗರಗಳನ್ನು ಸೇರಿದ ಹಳೆಯ ವಿದ್ಯಾರ್ಥಿಗಳ ಪೈಕಿ ಹಲವರು ಈಗ ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಇನ್ನು ಕೆಲವರು ನಡುವಯಸ್ಸಿನಲ್ಲಿಯೇ ನಗರಜೀವನದಿಂದ ಬೇಸತ್ತು, ಮಕ್ಕಳು ಚಿಕ್ಕವರಿರುವಾಗಲೇ ಸಣ್ಣ ಊರೊಂದರಲ್ಲಿ ನೆಲೆಸಬೇಕೆಂಬ ಅಪೇಕ್ಷೆಯುಳ್ಳವರಾಗಿದ್ದಾರೆ. ಇಂತಹವರು ಕೂಡಿದೆಡೆಯಲ್ಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ನಂಜನಗೂಡಿನಲ್ಲಿ ಮನೆ ಮಾಡುವುದು ಮೇಲೋ, ನರಸೀಪುರದಲ್ಲಿ ಮೇಲೋ? ಪ್ರಶ್ನೆ ಸರಳವಾಗಿ ತೋರುತ್ತದೆ. ಆದರೆ ಭವಿಷ್ಯನಿಧಿಯ ಹಣವನ್ನೆಲ್ಲ ತೊಡಗಿಸಿ, ನಗರದಲ್ಲಿದ್ದ ಮನೆಯನ್ನು ಮಾರಿ, ವೃದ್ಧರಾದ ತಂದೆತಾಯಿಗಳನ್ನು ಕರೆದುಕೊಂಡು ಬಂದು ನೆಲೆಸಿದ ಮೇಲೆ ಹಿಂದಿರುಗುವ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ವಿವೇಚಿಸಲು ಯತ್ನಿಸಲಾಗಿದೆ.

ಎರಡೂ ಪುಣ್ಯಕ್ಷೇತ್ರಗಳೇ. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಪಂಚಮಹಾರಥೋತ್ಸವ. ನರಸೀಪುರದಲ್ಲಿ ಗುಂಜಾನರಸಿಂಹಸ್ವಾಮಿಯ ಸನ್ನಿಧಿ, ಅಗಸ್ತ್ಯೇಶ್ವರನ ಕ್ಷೇತ್ರ, ೧೯೮೯ರಿಂದ ನಡೆದುಬಂದು ೨೦೨೫ರ ಫೆಬ್ರವರಿಯಲ್ಲಿಯೂ ಜರುಗಿದ ಕುಂಭಮೇಳ. ಇವುಗಳನ್ನು ನೋಡಲು ಬಂದವರು ಹೊಳೆಯಲ್ಲಿ ಮಿಂದು, ದರ್ಶನ ಮಾಡಿ, ನೆರಳಿನಲ್ಲಿ ಕುಳಿತು, "ಇಲ್ಲಿಯೇ ಇದ್ದುಬಿಡೋಣ" ಎಂದುಕೊಳ್ಳುವುದು ಸಹಜ. ಆದರೆ ಯಾತ್ರಿಕನು ಕಾಣುವ ಊರು ಬೇರೆ, ಒಕ್ಕಲಿರುವವನು ಕಾಣುವ ಊರು ಬೇರೆ. ಯಾತ್ರಿಕನಿಗೆ ರಥದ ದಿನವಷ್ಟೇ ಗೊತ್ತು. ಒಕ್ಕಲಿರುವವನಿಗಾದರೋ ಆಷಾಢದ ಮಳೆಗಾಳಿ, ನಲ್ಲಿಯಲ್ಲಿ ನೀರು ಬಾರದ ಬೆಳಗು, ಅಪರಾತ್ರಿಯಲ್ಲಿ ಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಂಡ ಗಳಿಗೆ ಇವೆಲ್ಲವೂ ಗೊತ್ತಿರಬೇಕಾಗುತ್ತದೆ. ಊರನ್ನು ಅಳೆಯತಕ್ಕದ್ದು ಈ ಎರಡನೆಯ ಅಳತೆಯಿಂದ.

ಮೊದಲು ಇವೆರಡರ ಸ್ಥಾನವನ್ನು ಗಮನಿಸೋಣ. ಕೋಳಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರುಗಳ ಮೂಲಕ ನರಸೀಪುರವನ್ನು ಹಾದು ಕೊಳ್ಳೇಗಾಲವನ್ನು ಸೇರುವ ೭೬೬ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಎರಡೂ ಊರುಗಳಿವೆ. ಮೈಸೂರಿನಿಂದ ನಂಜನಗೂಡಿಗೆ ಸುಮಾರು ೨೪ ಕಿಲೋಮೀಟರು. ನರಸೀಪುರಕ್ಕೆ ೩೦ ಕಿಲೋಮೀಟರಿಗೂ ತುಸು ಹೆಚ್ಚು. ಹೆದ್ದಾರಿಯಂತೆ ಹೊಳೆಯೂ ಒಂದೇ. ನಂಜನಗೂಡಿನ ಸ್ನಾನಘಟ್ಟವನ್ನು ತೊಳೆದು ಹೋಗುವ ಕಪಿಲೆಯೇ, ಎಂದರೆ ಕಬಿನಿಯೇ, ಸುತ್ತೂರಿನ ಬಳಿ ಹರಿದು, ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಈ ಸಂಗಮದ ದಡವನ್ನು ವಾಸಕ್ಕೆ ಆರಿಸಿಕೊಂಡವರಲ್ಲಿ ನಾವು ಮೊದಲಿಗರೂ ಅಲ್ಲ. ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ೧೯೬೦ರ ದಶಕದಲ್ಲಿ ನಡೆದ ಉತ್ಖನನದಿಂದ, ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ನವಶಿಲಾಯುಗದ ಜನ ನರಸೀಪುರದಲ್ಲಿ ನೆಲೆಸಿದ್ದರೆಂಬುದು ತಿಳಿದುಬಂದಿದೆ.

ನಂಜನಗೂಡು ಇಂದು ಕೇವಲ ದೇವಾಲಯದ ಊರಾಗಿ ಉಳಿದಿಲ್ಲ. ೨೦೧೧ರ ಜನಗಣತಿಯ ವೇಳೆಗೆ ಇಲ್ಲಿಯ ಜನಸಂಖ್ಯೆ ೫೦ ಸಾವಿರವನ್ನು ಮುಟ್ಟಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿಯೇ ಮೈಸೂರಿನಿಂದ ಇಲ್ಲಿಗೆ ರೈಲು ಬಂದಿತ್ತು; ಆ ಬಳಿಕ ಅದು ಚಾಮರಾಜನಗರದವರೆಗೆ ಮುಂದುವರಿಯಿತು. ದಳವಾಯಿ ದೇವರಾಜಯ್ಯನ ಕಾಲದಲ್ಲಿ, ೧೭೩೫ರಲ್ಲಿ, ಕಪಿಲೆಗೆ ಕಟ್ಟಿದ ಕಲ್ಲಿನ ಸೇತುವೆಯ ಮೇಲೆಯೇ ಬಹುಕಾಲ ರೈಲು ಓಡಿತೆಂಬುದನ್ನು ಹಿರಿಯರು ಈಗಲೂ ಅಭಿಮಾನದಿಂದ ಹೇಳುತ್ತಾರೆ. ವೈದ್ಯ ಬಿ. ವಿ. ಪಂಡಿತರು ೧೯೧೩ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯಿಂದ ನಾಡಿನ ಮನೆಮನೆಗೂ ಊರಿನ ಹೆಸರು ಪರಿಚಿತವಾಯಿತು. ಅನಂತರ ಕೈಗಾರಿಕಾ ಪ್ರದೇಶ ತಲೆಯೆತ್ತಿತು. ಅಲ್ಲಿ ನೆಸ್ಲೆ ಸಂಸ್ಥೆಯ ಕಾರ್ಖಾನೆ ಆರಂಭವಾದದ್ದು ೧೯೮೯ರಲ್ಲಿ. ತಾಂಡವಪುರದ ಕಡೆಗೂ ಕಾರ್ಖಾನೆಗಳು ಹಬ್ಬಿವೆ. ಮೈಸೂರಿನ ಮಂಡಕಳ್ಳಿ ವಿಮಾನನಿಲ್ದಾಣವೂ ಇದೇ ದಾರಿಯಲ್ಲಿದೆ. ಹೀಗಾಗಿ ದುಡಿಯುವ ವಯಸ್ಸಿನ ಮಗನಿಗೋ ಮಗಳಿಗೋ ಊರಿನಲ್ಲಿದ್ದುಕೊಂಡೇ ಕೆಲಸ ದೊರೆಯುವ ಸಂಭವ ಇಲ್ಲಿ ಹೆಚ್ಚು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹೆದ್ದಾರಿಯಲ್ಲಿ ಲಾರಿಗಳ ಸಂಚಾರ, ನಿವೇಶನಗಳ ದುಬಾರಿ ಕ್ರಯ, ಹುಣ್ಣಿಮೆ ಮತ್ತು ಸೋಮವಾರಗಳಂದು ದೇವಾಲಯದ ಸುತ್ತಲಿನ ಬೀದಿಗಳಲ್ಲಿ ಕಾಲಿಡಲು ಸ್ಥಳವಿಲ್ಲದಷ್ಟು ಜನಸಂದಣಿ ಇವು ಪ್ರಶಾಂತತೆಯನ್ನು ಅರಸಿ ಬಂದವರನ್ನು ನಿರಾಶೆಗೊಳಿಸಬಹುದು.

ನರಸೀಪುರದ ಗತಿ ಬೇರೆ. ಇಲ್ಲಿ ರೈಲಿಲ್ಲ. ಹೇಳಿಕೊಳ್ಳುವಂತಹ ಹಳೆಯ ಉದ್ಯಮವೆಂದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಾಣಿಕೆಯ ಕಾರ್ಖಾನೆ. ಮೈಸೂರು ರೇಷ್ಮೆಯ ಸೀರೆ ಉಟ್ಟವರಲ್ಲಿ ಎಷ್ಟೋ ಜನರಿಗೆ ಅದರ ನೂಲಿನ ಒಂದು ಮೂಲ ಈ ಊರೆಂಬುದು ತಿಳಿಯದು. ಉಳಿದಂತೆ ತಾಲ್ಲೂಕಿನ ಜೀವನವೆಲ್ಲ ಗದ್ದೆ, ನಾಲೆ, ಸಂತೆಗಳ ಸುತ್ತಲೇ. ತಲಕಾಡಿನ ಬಳಿ ಕಾವೇರಿಗೆ ಅಡ್ಡಲಾಗಿರುವ ಮಾಧವಮಂತ್ರಿ ಅಣೆಕಟ್ಟೆ ವಿಜಯನಗರದ ಕಾಲದಷ್ಟು ಹಳೆಯದು. ಬನ್ನೂರಿನ ಕುರಿಗಳ ಖ್ಯಾತಿ ಎಲ್ಲರಿಗೂ ತಿಳಿದದ್ದೇ. ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠಾಪಿತವಾದ ಸೋಮನಾಥಪುರದ ಕೇಶವ ದೇವಾಲಯ ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಈ ತಾಲ್ಲೂಕಿನ ಭಾಗ್ಯ. ಆದರೂ ಪ್ರವಾಸಿಗಳು ಅದನ್ನು ನೋಡಿ ಮೈಸೂರಿಗೋ ತಲಕಾಡಿಗೋ ಹೊರಟುಬಿಡುವುದರಿಂದ ನರಸೀಪುರ ಪಟ್ಟಣದ ವ್ಯಾಪಾರಕ್ಕೆ ಅದರಿಂದ ದೊರೆಯುವುದು ಅಲ್ಪ. ಸಂಜೆಯಾಯಿತೆಂದರೆ ಊರು ತಣ್ಣಗಾಗುತ್ತದೆ. ಈ ತಣ್ಣಗಿರುವಿಕೆಯೇ ಕೆಲವರಿಗೆ ಸ್ವರ್ಗ, ಕೆಲವರಿಗೆ ಸೆರೆ. ತಾನು ಯಾರ ಪೈಕಿ ಎಂಬುದನ್ನು ಬರುವವನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಇನ್ನು ಹೊಳೆಯ ವಿಚಾರ. ಬೇಸಗೆಯಲ್ಲಿ ನಿವೇಶನ ನೋಡಲು ಬಂದವರ ಕಣ್ಣಿಗೆ ಹೊಳೆ ಸಾಧುವಾಗಿ, ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿರುತ್ತದೆ. "ನದೀತೀರದ ನಿವೇಶನ" ಎಂಬ ಮಾತು ಕಿವಿಗೆ ಹಿತ. ಆದರೆ ವೈನಾಡಿನಲ್ಲಿ ಮುಂಗಾರು ಬಿರುಸಾದರೆ ಬೀಚನಹಳ್ಳಿಯ ಕಬಿನಿ ಜಲಾಶಯ ಬೇಗನೆ ತುಂಬುತ್ತದೆ. ೧೯೭೪ರಲ್ಲಿ ಪೂರ್ಣಗೊಂಡ ಆ ಜಲಾಶಯದ ಧಾರಣಾಶಕ್ತಿ ೧೯.೫೨ ಟಿ.ಎಂ.ಸಿ. ಮಾತ್ರ, ಕೃಷ್ಣರಾಜಸಾಗರದ ಸಾಮರ್ಥ್ಯವಾದರೋ ೪೯.೪೫ ಟಿ.ಎಂ.ಸಿ. ಪಾತ್ರೆ ಚಿಕ್ಕದಾದಷ್ಟೂ ಉಕ್ಕುವುದು ಬೇಗ. ಬಂದ ನೀರನ್ನು ಬಂದಂತೆಯೇ ಹೊರಬಿಡಬೇಕಾಗುತ್ತದೆ. ೨೦೧೮ ಮತ್ತು ೨೦೧೯ರ ಆಗಸ್ಟ್ ತಿಂಗಳುಗಳಲ್ಲಿ ನಂಜನಗೂಡಿನ ಸ್ನಾನಘಟ್ಟವೂ ಪರಶುರಾಮ ಕ್ಷೇತ್ರವೂ ಜಲಾವೃತವಾದವು. ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆಯೇ ನೀರು ಹರಿದು ಮೈಸೂರಿನ ಸಂಚಾರವನ್ನು ಬೇರೆ ದಾರಿಗೆ ತಿರುಗಿಸಬೇಕಾಯಿತು. ಹೊಳೆಯಲ್ಲಿರುವ ಹದಿನಾರು ಕಾಲು ಮಂಟಪ ಎಷ್ಟು ಮುಳುಗಿದೆಯೆಂದು ನೋಡಿ ಪ್ರವಾಹದ ಮಟ್ಟವನ್ನು ಹೇಳುವುದು ಊರಿನವರ ರೂಢಿ. ಯಾವ ಮಾಪಕಕ್ಕೂ ಕಡಿಮೆಯಿಲ್ಲದ ಮಾಪಕವದು. ಇನ್ನು ನರಸೀಪುರಕ್ಕೆ ಬರುವುದು ಒಂದು ಜಲಾಶಯದ ನೀರಲ್ಲ, ಎರಡರದು. ಕಬಿನಿಯೂ ಕೃಷ್ಣರಾಜಸಾಗರವೂ ಏಕಕಾಲಕ್ಕೆ ತುಂಬಿದ ವರ್ಷ ಸಂಗಮದ ತಗ್ಗುಪ್ರದೇಶಗಳಿಗೆ ಇಮ್ಮಡಿ ಆತಂಕ. ಆದುದರಿಂದ ನಿವೇಶನ ಕೊಳ್ಳುವವರು ಮಾರುವವನ ಮಾತನ್ನಲ್ಲ, ಅದೇ ಬೀದಿಯ ವಯೋವೃದ್ಧರೊಬ್ಬರನ್ನು ಕೇಳಬೇಕು: "ಯಜಮಾನರೇ, ನೀವು ಕಂಡಂತೆ ನೀರು ಎಲ್ಲಿಯವರೆಗೆ ಬಂದಿತ್ತು?" ಅವರು ಕೋಲಿನಿಂದ ತೋರಿಸುವ ಜಾಗವೇ ಮೇರೆ. ಅದರಿಂದ ಮೇಲೆ ಮನೆ ಕಟ್ಟಬಹುದು, ಕೆಳಗೆ ತೋಟ ಮಾಡಬಹುದು.

ಪ್ರಕೃತಿಯು ಊರನ್ನೇ ಎಬ್ಬಿಸಿದ ನಿದರ್ಶನವೂ ಸಮೀಪದಲ್ಲಿಯೇ ಇದೆ. ಮರಳು ಏರುತ್ತ ಬಂದು ಹಳೆಯ ತಲಕಾಡಿನ ದೇವಾಲಯಗಳು ಹೂತುಹೋದವು; ಜನ ಜಾಗ ಬಿಟ್ಟು ಸರಿಯಬೇಕಾಯಿತು. ಕಬಿನಿ ಜಲಾಶಯಕ್ಕಾಗಿ ಹೆಗ್ಗಡದೇವನಕೋಟೆಯ ಕಡೆಯ ಹಳ್ಳಿಗಳು ಮುಳುಗಿದಾಗಲೂ ಅಲ್ಲಿಯ ಒಕ್ಕಲುಗಳಿಗೆ ಊರನ್ನು ಆರಿಸಿಕೊಳ್ಳುವ ಅವಕಾಶವಿರಲಿಲ್ಲ, ತೋರಿಸಿದಲ್ಲಿಗೆ ಹೋಗಬೇಕಾಗಿತ್ತು. ಊರನ್ನು ಹುಡುಕುತ್ತಿರುವ ನಮ್ಮವರಿಗೆ ಆ ಅವಕಾಶವಿರುವುದರಿಂದ ಅವಸರ ಮಾಡಲು ಕಾರಣವಿಲ್ಲ.

ವೈದ್ಯಕೀಯ ಸೌಕರ್ಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡೂ ಕಡೆ ತಾಲ್ಲೂಕು ಆಸ್ಪತ್ರೆಗಳಿವೆ. ಜ್ವರ, ಹೆರಿಗೆ, ಸಣ್ಣ ಗಾಯಗಳಿಗೆ ಅಷ್ಟು ಸಾಕು. ಹೃದಯ, ಮೂತ್ರಪಿಂಡ ಮುಂತಾದ ಕಾಯಿಲೆಗಳಿಗೆ ಮೈಸೂರೇ ಗತಿ. ಹೃದಯಾಘಾತದಲ್ಲಿ ಮೊದಲ ಒಂದು ಗಂಟೆಯೇ ನಿರ್ಣಾಯಕವೆಂದು ವೈದ್ಯರು ಹೇಳುತ್ತಾರಾದುದರಿಂದ, ಎಂಟು ಹತ್ತು ಕಿಲೋಮೀಟರಿನ ಅಂತರವೂ ಉಪೇಕ್ಷಿಸತಕ್ಕದ್ದಲ್ಲ. ಈಗಾಗಲೇ ಹೃದ್ರೋಗಿಗಳಾದವರು ನರಸೀಪುರವನ್ನು ಆರಿಸಿಕೊಳ್ಳುವ ಮುನ್ನ ರಾತ್ರಿಯ ಹೊತ್ತು ಒಮ್ಮೆ ಆ ದಾರಿಯಲ್ಲಿ ಪ್ರಯಾಣ ಮಾಡಿ ನೋಡುವುದು ಒಳಿತು. ಶಾಲೆಗಳಾದರೋ ಎರಡೂ ಊರುಗಳಲ್ಲಿವೆ. ಪದವಿಯ ನಂತರದ ವ್ಯಾಸಂಗಕ್ಕೆ ಮಾತ್ರ ಮಕ್ಕಳು ಮೈಸೂರಿನ ದಾರಿ ಹಿಡಿಯುವುದು ಸಾಮಾನ್ಯ; ಆಗ ನಂಜನಗೂಡಿನ ಹುಡುಗನಿಗೆ ರೈಲಿನ ಅನುಕೂಲ ಉಂಟು.

ಭೂಮಿಯ ವಿಷಯದಲ್ಲಿಯೇ ಹೆಚ್ಚು ಜನ ಕಷ್ಟಕ್ಕೆ ಸಿಲುಕುವುದು. ೧೯೬೧ರ ಭೂಸುಧಾರಣಾ ಕಾಯಿದೆಯಲ್ಲಿ ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳುವುದಕ್ಕೆ ಇದ್ದ ಪ್ರತಿಬಂಧಗಳು, ಎಂದರೆ ಅದರ ೭೯ಎ ಮತ್ತು ೭೯ಬಿ ಪ್ರಕರಣಗಳು, ೨೦೨೦ರಲ್ಲಿ ರದ್ದಾದವು. ಅಂದಿನಿಂದ ನಗರವಾಸಿಯೂ ಒಂದೆರಡು ಎಕರೆ ಕೊಂಡು ಬೇಸಾಯಗಾರನಾಗುವ ಉತ್ಸಾಹ ತೋರಬಹುದು. ಆದರೆ ಕೊಳ್ಳಬಹುದೆಂಬುದರಿಂದ ಎಲ್ಲ ಜಮೀನೂ ಕೊಳ್ಳತಕ್ಕದ್ದಾಗುವುದಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯ ಪರಭಾರೆಯನ್ನು ನಿಷೇಧಿಸುವ ೧೯೭೮ರ ಕಾಯಿದೆಯಂತೆ, ಸರ್ಕಾರದ ಪೂರ್ವಾನುಮತಿಯಿಲ್ಲದೆ ಅಂತಹ ಭೂಮಿಯನ್ನು ಕೊಂಡದ್ದು ಅಸಿಂಧು. ಮೂಲ ಮಂಜೂರಾತಿದಾರರು ಭೂಮಿಯನ್ನು ಮರಳಿ ಕೇಳಲು ಕಾಲಮಿತಿಯಿಲ್ಲವೆಂದು ೨೦೨೩ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಬಡವರ ಭೂಮಿ ಕೈತಪ್ಪದಿರಲೆಂದು ಮಾಡಿದ ಈ ಕಾಯಿದೆ ನ್ಯಾಯವಾದದ್ದೇ. ಅದನ್ನು ತಿಳಿಯದೆ ಕೊಂಡವನು ತನ್ನ ಜೀವಮಾನದ ಉಳಿತಾಯವನ್ನು ಕಳೆದುಕೊಂಡು ಯಾರನ್ನೂ ದೂರುವಂತಿಲ್ಲ. ಇದ್ದಕ್ಕಿದ್ದಂತೆ ಅಗ್ಗವಾಗಿ ಕಾಣುವ ಜಮೀನಿನ ಹಿಂದೆ ಇಂತಹ ಇತಿಹಾಸವೇನಾದರೂ ಇದೆಯೇ ಎಂದು ಮೂಲ ಮಂಜೂರಾತಿ ಕಡತದಿಂದಲೇ ತಿಳಿಯಬೇಕು, ಪಹಣಿಯೊಂದನ್ನೇ ನಂಬಬಾರದು. ಬಡಾವಣೆಯ ನಿವೇಶನವಾದರೆ ಭೂಪರಿವರ್ತನೆಯ ಆದೇಶ, ಯೋಜನಾ ಪ್ರಾಧಿಕಾರದ ಅನುಮೋದನೆ, ಖಾತೆ, ಋಣಭಾರ ಪತ್ರ ಇವಿಷ್ಟನ್ನೂ ನೋಡದೆ ಮುಂಗಡ ಕೊಡಕೂಡದು.

ತೋಟದ ಕನಸು ಕಂಡವರಿಗೆ ಇನ್ನೊಂದು ಮಾತು. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದರ ಪರಿಮಳಕ್ಕೆ ಸಾಟಿಯಿಲ್ಲ. ಆದರೆ ಬೇಡಿಕೆಯಿದ್ದೂ ಅದರ ಬೆಳೆ ಕುಗ್ಗಿದುದು ಪನಾಮಾ ಸೊರಗು ರೋಗದಿಂದ. ಆ ರೋಗದ ಶಿಲೀಂಧ್ರ ಬಾಳೆಯನ್ನು ಕಿತ್ತುಹಾಕಿದ ಮೇಲೆಯೂ ಎಷ್ಟೋ ವರ್ಷ ಮಣ್ಣಿನಲ್ಲಿ ಉಳಿದಿರುತ್ತದೆ. ಹಿಂದಿನ ಬೆಳೆಗಾರನ ಬಾಳೆ ಏಕೆ ಹೋಯಿತೆಂದು ಕೇಳದೆ ಕೊಂಡ ಭೂಮಿಯಲ್ಲಿ ರಸಬಾಳೆ ನೆಡುವುದು ಸಾಹಸವೇ ಸರಿ.

ಸಣ್ಣ ಊರುಗಳ ಸಮಸ್ಯೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಮಧ್ಯಪಶ್ಚಿಮ ಪ್ರಾಂತಗಳಲ್ಲಿ, ೧೮೬೨ರ ಕಾಯಿದೆಯ ಮೇರೆಗೆ ೧೬೦ ಎಕರೆ ಭೂಮಿ ಪಡೆದು ಐದು ವರ್ಷ ಸಾಗುವಳಿ ಮಾಡಿದವರಿಗೆ ಅದು ಸ್ವಂತವಾಗುತ್ತಿತ್ತು. ಹಾಗೆ ಹುಟ್ಟಿಕೊಂಡ ಊರುಗಳು ಎಷ್ಟೋ. ಯಂತ್ರಗಳು ಬಂದು ಬೇಸಾಯಕ್ಕೆ ಕೆಲವೇ ಜನ ಸಾಕಾದ ಮೇಲೆ ಅಲ್ಲಿಯ ಹಲವು ಊರುಗಳು ಬರಿದಾಗತೊಡಗಿದವು. ಕ್ಯಾನ್ಸಸ್ ರಾಜ್ಯವು ೨೦೧೧ರಲ್ಲಿ, ಗ್ರಾಮೀಣ ಜಿಲ್ಲೆಗಳಿಗೆ ಬಂದು ನೆಲೆಸುವವರಿಗೆ ಆದಾಯ ತೆರಿಗೆಯ ವಿನಾಯಿತಿಯನ್ನೂ ವಿದ್ಯಾಭ್ಯಾಸದ ಸಾಲ ತೀರಿಸಲು ಸಹಾಯವನ್ನೂ ಕೊಡುವ ಯೋಜನೆಯನ್ನು ತಂದಿತು. ಅಲ್ಲಿ ಊರು ಜನರನ್ನು ಹುಡುಕುತ್ತದೆ, ಇಲ್ಲಿ ಜನ ಊರನ್ನು ಹುಡುಕುತ್ತಾರೆ. ಮೈಸೂರಿನ ಸಾಮೀಪ್ಯದಿಂದ ನಮ್ಮ ಈ ಎರಡು ಊರುಗಳಲ್ಲಿ ನೆಲದ ಬೆಲೆ ಏರುತ್ತಲೇ ಇರುವುದರಿಂದ ಕರೆದು ಕೊಡುವವರು ಯಾರೂ ಇಲ್ಲ; ಕೊಳ್ಳುವವನೇ ತನ್ನ ಹಿತವನ್ನು ನೋಡಿಕೊಳ್ಳಬೇಕು.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಮನೆಯೊಳಗಿನ ವಿಚಾರ. ಹುಟ್ಟಿದ ಊರಿಗೆ ಹಿಂದಿರುಗುವ ಗೃಹಸ್ಥನಿಗೆ ಪ್ರತಿ ಬೀದಿಯೂ ಬಾಲ್ಯದ ನೆನಪು. ಧಾರವಾಡದಿಂದಲೋ ತುಮಕೂರಿನಿಂದಲೋ ಮದುವೆಯಾಗಿ ಬಂದು ಮೂವತ್ತು ವರ್ಷ ಬೆಂಗಳೂರಿನಲ್ಲಿ ಸಂಸಾರ ಮಾಡಿದ ಗೃಹಿಣಿಗೆ ಅದು ಗುರುತಿಲ್ಲದ ಊರು. ಆಕೆಯ ಸ್ನೇಹಿತೆಯರು, ಪರಿಚಿತ ಅಂಗಡಿ, ನಂಬಿದ ವೈದ್ಯರು ಎಲ್ಲವೂ ಹಿಂದೆಯೇ ಉಳಿಯುತ್ತವೆ. ಗಂಡ ತೀರಿಕೊಂಡ ಮೇಲೆ ಅಲ್ಲಿ ಒಂಟಿಯಾಗಿ ಇರಬೇಕಾದವಳೂ ಬಹುಶಃ ಆಕೆಯೇ. ಆದ್ದರಿಂದ ಊರಿನ ಆಯ್ಕೆಯಲ್ಲಿ ಮನೆಯಾಕೆಯ ಮಾತಿಗೆ ಯಜಮಾನನ ಮಾತಿಗಿಂತ ಹೆಚ್ಚಿನ ತೂಕ ಸಲ್ಲಬೇಕೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಹಾಗಾದರೆ ಯಾವ ಊರು? ಓದುವ ಮಕ್ಕಳೂ ದುಡಿಯುವ ಮಕ್ಕಳೂ ಇರುವವರಿಗೆ, ಆರೋಗ್ಯ ಅಷ್ಟಾಗಿ ನೆಟ್ಟಗಿಲ್ಲದ ಹಿರಿಯರಿಗೆ ನಂಜನಗೂಡು. ಅದರಲ್ಲಿಯೂ ಹೊಳೆಗೂ ಹೆದ್ದಾರಿಗೂ ದೂರವಾದ ಎತ್ತರದ ಬಡಾವಣೆ. ಪಿತ್ರಾರ್ಜಿತವಾದ ಗದ್ದೆಯುಳ್ಳವರಿಗೆ, ಬೇಸಾಯವನ್ನು ಬಲ್ಲವರಿಗೆ, ಬಂಧುಗಳು ಕೂಗಳತೆಯಲ್ಲಿರುವವರಿಗೆ ನರಸೀಪುರ. ಎರಡರಲ್ಲಿ ಯಾವುದೇ ಆಗಲಿ, ಕೊಳ್ಳುವ ಮೊದಲು ಬಾಡಿಗೆಯ ಮನೆಯಲ್ಲಿ ಒಂದು ವರ್ಷ ಇದ್ದು ನೋಡುವುದು ಲೇಸು. ಜೇಷ್ಠದಲ್ಲಿ ಬಂದರೆ ಮಳೆಗಾಲದ ಹೊಳೆ ಕಾಣುತ್ತದೆ, ಫಾಲ್ಗುಣಕ್ಕೆ ಜಾತ್ರೆಯ ಸಂದಣಿ ಕಾಣುತ್ತದೆ, ಚೈತ್ರ ವೈಶಾಖಗಳಲ್ಲಿ ನಲ್ಲಿಯ ನೀರಿನ ಸ್ಥಿತಿ ತಿಳಿಯುತ್ತದೆ. ಅಲ್ಲಿಯವರೆಗೆ ಬೆಂಗಳೂರಿನ ಮನೆಯನ್ನು ಮಾರದೆ ಬಾಡಿಗೆಗೆ ಕೊಟ್ಟಿರಬಹುದು. ಬರುವ ಬಾಡಿಗೆಯಲ್ಲಿ ಇಲ್ಲಿಯ ಬಾಡಿಗೆ ಸಂದು ಇನ್ನೂ ಮಿಗುತ್ತದೆ.