ಮಿಕ್ಸಿ ತಿರುಗಿದರೆ ರೇಡಿಯೋ ಯಾಕೆ ಗೊರಗುಟ್ಟುತ್ತೆ?

ಬೆಳಗಿನ ಹೊತ್ತು. ಹಾಲ್‌ನಲ್ಲಿ ಮಾವನವರು ರೇಡಿಯೋ ಹಾಕಿಕೊಂಡು ವಾರ್ತೆ ಕೇಳುತ್ತಿದ್ದಾರೆ. ನೀವು ಅಡುಗೆಮನೆಯಲ್ಲಿ ಚಟ್ನಿ ರುಬ್ಬಲೆಂದು ಮಿಕ್ಸಿ ಆನ್ ಮಾಡಿದ್ದೇ ತಡ, ರೇಡಿಯೋದಲ್ಲಿ ಕರಕರ ಸದ್ದು, ವಾರ್ತೆ ಮಾಯ! "ಸ್ವಲ್ಪ ನಿಲ್ಸಮ್ಮಾ ಅದನ್ನ" ಅಂತ ಹಾಲ್‌ನಿಂದ ಕೂಗು. ಇದಕ್ಕೆ ಹೆಚ್ಚಿನ ಮನೆಗಳಲ್ಲಿ ಸಿಗುವ ಪರಿಹಾರ ಒಂದೇ: "ಆ ಹಳೇ ರೇಡಿಯೋನ ಗುಜರಿಗೆ ಹಾಕಿ."

ಪಾಪ, ರೇಡಿಯೋದ್ದು ಏನೂ ತಪ್ಪಿಲ್ಲ. ಮನೆಯ ಇನ್ನೊಂದು ಉಪಕರಣದ ಗಲಾಟೆಯನ್ನು ಅದು ನಿಮಗೆ ಕೇಳಿಸುತ್ತಿದೆ ಅಷ್ಟೆ. ಕೆಲವೊಮ್ಮೆ ಆ ಗಲಾಟೆ, ಎಲ್ಲೋ ವೈರು ಸಡಿಲವಾಗಿದೆ ಎನ್ನುವ ಎಚ್ಚರಿಕೆಯೂ ಆಗಿರಬಹುದು. ಆದ್ದರಿಂದ ಸುಮ್ಮನೆ ಬಿಟ್ಟುಬಿಡಬೇಡಿ.

ಎಲ್ಲಕ್ಕೂ ಕಿಡಿಯೇ ಮೂಲ

ಮಿಕ್ಸಿಯ ಮೋಟಾರಿನೊಳಗೆ ಕಾರ್ಬನ್ ಬ್ರಷ್ ಎಂಬ ಎರಡು ಪುಟ್ಟ ತುಂಡುಗಳಿರುತ್ತವೆ. ತಿರುಗುವ ಭಾಗಕ್ಕೆ ಉಜ್ಜಿಕೊಂಡೇ ಕರೆಂಟ್ ತಲುಪಿಸುವುದು ಇವುಗಳ ಕೆಲಸ. ಹಾಗೆ ಉಜ್ಜುವಾಗ ಸಣ್ಣ ಸಣ್ಣ ಕಿಡಿಗಳು ಏಳುತ್ತವೆ. ಒಂದೊಂದು ಕಿಡಿಯೂ ಒಂದೊಂದು ಪುಟಾಣಿ ರೇಡಿಯೋ ಸ್ಟೇಷನ್ ಇದ್ದಂತೆ! ಅದರ ಅಲೆಗಳು ಗಾಳಿಯಲ್ಲೂ ಹರಡುತ್ತವೆ, ಮನೆಯ ವೈರಿಂಗ್ ಹಿಡಿದೂ ಓಡುತ್ತವೆ. ಹೊಲಿಗೆ ಮೆಷಿನ್ನಿನ ಮೋಟಾರು, ವ್ಯಾಕ್ಯೂಮ್ ಕ್ಲೀನರ್, ಡ್ರಿಲ್ಲಿಂಗ್ ಮೆಷಿನ್ ಕೂಡ ಬಹುತೇಕ ಇದೇ ಜಾತಿಯವು. ವೆಟ್ ಗ್ರೈಂಡರ್, ಸೀಲಿಂಗ್ ಫ್ಯಾನುಗಳ ಮೋಟಾರಿನಲ್ಲಿ ಸಾಮಾನ್ಯವಾಗಿ ಬ್ರಷ್ ಇರುವುದಿಲ್ಲ. ಅದಕ್ಕೇ ಹಿಟ್ಟು ರುಬ್ಬುವಾಗ ರೇಡಿಯೋ ಅಷ್ಟಾಗಿ ಕಿರುಚುವುದಿಲ್ಲ.

ಎಎಂ ಸ್ಟೇಷನ್‌ಗೆ ಈ ತೊಂದರೆ ಜಾಸ್ತಿ. ಅಲ್ಲಿ ಮಾತು, ಹಾಡು ಎಲ್ಲ ಅಲೆಯ ಏರಿಳಿತದಲ್ಲೇ ಬರುತ್ತದೆ, ಕಿಡಿ ಕೆಡಿಸುವುದೂ ಅದನ್ನೇ. ಎಫ್‌ಎಂನ ರೀತಿ ಬೇರೆಯಾದ್ದರಿಂದ ಅದು ಬಹುಮಟ್ಟಿಗೆ ಬಚಾವ್.

ಟೀವಿ ಕಥೆ ಏನು?

ತಾರಸಿಯ ಮೇಲೆ ಆಂಟೆನಾ ಇದ್ದ ಕಾಲದಲ್ಲಿ ಮಿಕ್ಸಿ ಹಾಕಿದರೆ ಟೀವಿ ಪರದೆ ತುಂಬ ಚುಕ್ಕಿ, ಗೆರೆ. ಬೆಂಗಳೂರು, ಮೈಸೂರುಗಳಲ್ಲಿ 2013ರಿಂದ ಕೇಬಲ್‌ಗೆ ಸೆಟ್ ಟಾಪ್ ಬಾಕ್ಸ್ ಬಂತು. ದೂರದರ್ಶನದ ಹಳೆಯ ಮಾದರಿಯ ಟ್ರಾನ್ಸ್‌ಮಿಟರ್‌ಗಳೂ ಬಹುಪಾಲು 2022ರ ಹೊತ್ತಿಗೆ ನಿಂತವು. ಈಗಿನ ಡಿಜಿಟಲ್ ಟೀವಿಯಲ್ಲಿ ಚುಕ್ಕಿ ಕಾಣುವುದಿಲ್ಲ. ಚಿತ್ರ ಒಂದೋ ಚೆನ್ನಾಗಿ ಬರುತ್ತೆ, ಇಲ್ಲವೇ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತೆ. ಸ್ವಿಚ್ ಹಾಕಿದಾಗಲೆಲ್ಲ ಹೀಗಾದರೆ ಮೊದಲು ಬಾಕ್ಸ್‌ನ ಹಿಂದಿನ ಕೇಬಲ್ ಪಿನ್ ಬಿಗಿಯಾಗಿದೆಯೇ ನೋಡಿ. ಮಳೆ ಬಂದಾಗ ಡಿಶ್ ಟೀವಿ ಕೈಕೊಟ್ಟರೆ ಮಾತ್ರ ಮಿಕ್ಸಿಯನ್ನು ಬೈಯಬೇಡಿ. ಉಪಗ್ರಹದ ಸಿಗ್ನಲ್ ಜೋರು ಮಳೆಯಲ್ಲಿ ಕ್ಷೀಣಿಸುವುದು ಸಹಜ.

ಸದ್ದು ಕೇಳಿ ಕಳ್ಳನನ್ನು ಹಿಡಿಯಿರಿ

* ಮಿಕ್ಸಿ ತಿರುಗಿದಷ್ಟು ಹೊತ್ತೂ ಕರಕರ: ಬ್ರಷ್‌ನ ಕಿಡಿ.
* ಫ್ಯಾನ್ ನಿಧಾನ ಮಾಡಿದಾಗ ಗುಂಯ್ ಎಂದು, ಫುಲ್ ಸ್ಪೀಡ್‌ನಲ್ಲಿ ಕಡಿಮೆಯಾದರೆ: ಎಲೆಕ್ಟ್ರಾನಿಕ್ ರೆಗ್ಯುಲೇಟರ್.
* ಆಗೊಮ್ಮೆ ಈಗೊಮ್ಮೆ ಒಂದೇ ಒಂದು 'ಟಿಕ್': ಫ್ರಿಜ್ ಅಥವಾ ಗೀಸರ್ ತಾನಾಗಿ ಆನ್-ಆಫ್ ಆಗಿದ್ದು.
* ಲೈಟ್ ಹಾಕಿದ ಕೂಡಲೇ ಸತತ ಝೇಂಕಾರ: ಅಗ್ಗದ ಎಲ್‌ಇಡಿ ಬಲ್ಬ್. ಕೆಲವು ಮೊಬೈಲ್ ಚಾರ್ಜರ್, ಇಂಡಕ್ಷನ್ ಒಲೆಯೂ ಹೀಗೇ ಮಾಡುತ್ತವೆ. ಇವುಗಳಲ್ಲಿ ಕರೆಂಟ್ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತಿರುತ್ತದೆ.
* ಮೈಕ್ರೋವೇವ್ ಇಟ್ಟಾಗ ವೈ-ಫೈ ಅಥವಾ ಬ್ಲೂಟೂತ್ ತಡವರಿಸಿದರೆ: ಎರಡೂ 2.4 ಗಿಗಾಹರ್ಟ್ಜ್ ಆಸುಪಾಸಿನಲ್ಲೇ ಕೆಲಸ ಮಾಡುವುದರಿಂದ. ಗಾಬರಿ ಬೇಡ, ತೀರಾ ಅಲ್ಪ ಸೋರಿಕೆಯೂ ವೈ-ಫೈಗೆ ಕಿರಿಕಿರಿಯೇ. ಆದರೆ ಬಾಗಿಲು ಬಾಗಿದ್ದರೆ, ಸರಿಯಾಗಿ ಮುಚ್ಚದಿದ್ದರೆ ರಿಪೇರಿಯಾಗುವ ತನಕ ಬಳಸಬೇಡಿ.

ಯಾವುದೆಂದು ತಿಳಿಯದಿದ್ದರೆ ಬ್ಯಾಟರಿ ರೇಡಿಯೋ ತೆಗೆದುಕೊಳ್ಳಿ. ಎಎಂನಲ್ಲಿ ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ಕೋಣೆ ಕೋಣೆಗೆ ಹೋಗಿ. ಸದ್ದು ಎಲ್ಲಿ ಜೋರೋ ಅಲ್ಲೇ ಕಳ್ಳ! ಒಂದೊಂದೇ ಪ್ಲಗ್ ತೆಗೆಯುತ್ತಾ ಬಂದರೆ ಯಾವುದೆಂದು ಗೊತ್ತಾಗಿಬಿಡುತ್ತೆ. ಕೊನೆಗೆ ಮೇನ್ ಸ್ವಿಚ್ ಆಫ್ ಮಾಡಿ. ಆಗಲೂ ಸದ್ದು ಇದ್ದರೆ ಮೂಲ ನಿಮ್ಮ ಮನೆಯಲ್ಲಿಲ್ಲ, ಪಕ್ಕದ ಮನೆಯಲ್ಲೋ ಬೀದಿಯ ಕಂಬದಲ್ಲೋ ಇದೆ.

ಹೀಗೆ ಮಾಡಿ ನೋಡಿ

* ರೇಡಿಯೋವನ್ನೇ ನಿಂತಲ್ಲಿ ನಿಧಾನವಾಗಿ ತಿರುಗಿಸಿ. ಎಎಂ ಆಂಟೆನಾ ಪೆಟ್ಟಿಗೆಯ ಒಳಗೇ ಇರುತ್ತದೆ. ಯಾವುದೋ ಒಂದು ದಿಕ್ಕಿನಲ್ಲಿ ಗಲಾಟೆ ತಗ್ಗುತ್ತೆ. ಮೇಲೆಳೆಯುವ ಕಡ್ಡಿ ಇರುವುದು ಮುಖ್ಯವಾಗಿ ಎಫ್‌ಎಂಗೆ.
* ರೇಡಿಯೋವನ್ನು ಫ್ರಿಜ್ ಮೇಲೆ, ವೈ-ಫೈ ಪೆಟ್ಟಿಗೆ ಪಕ್ಕ ಇಡಬೇಡಿ. ಕಿಟಕಿ ಬಳಿ ಇಟ್ಟು ಬ್ಯಾಟರಿಯಲ್ಲಿ ಕೇಳಿ.
* ಟೀವಿ ಕೇಬಲ್ಲನ್ನು ಕರೆಂಟ್ ವೈರಿನ ಜೊತೆ ಸುತ್ತಿ ಕಟ್ಟಬೇಡಿ.
* ಮಿಕ್ಸಿ ಕಾರ್ಬನ್ ಬ್ರಷ್ ಸವೆದಿದ್ದರೆ ಬದಲಿಸಿ. ಹೊಸ ಮಿಕ್ಸಿಗಿಂತ ತುಂಬಾ ಅಗ್ಗ.
* ಹೊಸ ಬಲ್ಬ್ ಕೊಂಡರೆ ಬಿಲ್ ಇಟ್ಟುಕೊಳ್ಳಿ. ರೇಡಿಯೋ ಹತ್ತಿರ ಹಚ್ಚಿ ನೋಡಿ, ಗುಂಯ್‌ಗುಟ್ಟಿದರೆ ಬೇರೆ ಕಂಪನಿಯದು ಕೇಳಿ.
* ವೈ-ಫೈಯಲ್ಲಿ 5 ಗಿಗಾಹರ್ಟ್ಜ್ ಆಯ್ಕೆ ಇದ್ದರೆ ಅದನ್ನೇ ಬಳಸಿ. ಮೈಕ್ರೋವೇವ್ ಕಾಟ ತಪ್ಪುತ್ತದೆ.

ಇದನ್ನು ಮಾತ್ರ ಕಡೆಗಣಿಸಬೇಡಿ

ಏನನ್ನೂ ಹೊಸದಾಗಿ ಹಾಕದಿದ್ದರೂ ಚಟಪಟ ಸದ್ದು ಬಿಟ್ಟು ಬಿಟ್ಟು ಬರುತ್ತಿದೆಯೇ? ಸ್ವಿಚ್ ಮುಟ್ಟಿದರೆ ಬಿಸಿಯೇ? ಪ್ಲಗ್ ಸುತ್ತ ಕಪ್ಪಾಗಿದೆಯೇ, ಸುಟ್ಟ ವಾಸನೆಯೇ? ಹಾಗಿದ್ದರೆ ಸಾಕೆಟ್ ಒಳಗೆ ವೈರು ಸಡಿಲವಾಗಿ ಕಿಡಿ ಏಳುತ್ತಿರಬಹುದು. ಬೆಂಕಿ ಅನಾಹುತಗಳು ಹೀಗೇ ಶುರುವಾಗುವುದುಂಟು. ಕೂಡಲೇ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. "ಇನ್ನೊಂದು ವಾರ ನಡೆಯುತ್ತೆ ಬಿಡು" ಅನ್ನಬೇಡಿ. ಮಿಕ್ಸಿಯ ಗಾಳಿಕಿಂಡಿಯಲ್ಲಿ ಅಲ್ಪಸ್ವಲ್ಪ ನೀಲಿ ಕಿಡಿ ಸಾಮಾನ್ಯ. ಉಂಗುರದಂತೆ ಬೆಂಕಿ ಸುತ್ತುವುದು ಕಂಡರೆ ಆಗಲೇ ನಿಲ್ಲಿಸಿ.

ಸದ್ದು ಬೀದಿ ಕಂಬದಿಂದ ಬರುತ್ತಿದ್ದರೆ, ಮರದ ಕೊಂಬೆ ತಂತಿಗೆ ತಾಗುತ್ತಿದ್ದರೆ ನೀವಾಗಿ ಕೋಲು ಹಿಡಿದು ಹೋಗಬೇಡಿ. 1912ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ಗುರುತು ಹಾಕಿಟ್ಟುಕೊಳ್ಳಿ.